ದಿನಾ ಹಾಕುವ ಬಟ್ಟೆಗೇ ಆಪತ್ತಿನ ಜೇಬು: ಹೊಲಿಯುವುದು ಹೇಗೆ?

ಆಪತ್ತಿಗೆ ಅಂತ ಒಂದು ಬ್ಯಾಗು ಕಟ್ಟಿಡಿ ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಿಡಿ, ಒಳ್ಳೆಯದೇ. ಆದರೆ ಬ್ಯಾಗು ಬೀರುವಿನ ಮೇಲಿರುತ್ತದೆ, ನೀವು ಹಿತ್ತಲಲ್ಲಿ ಇರುತ್ತೀರಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವು. ಮರುವರ್ಷ ಅದೇ ತಿಂಗಳು ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆಯವರ ಪಾಡೂ ಅದೇ ಆಯಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್ ಹತ್ತಿಸಿ ಹೊರಗೆ ತರಬೇಕಾಯಿತು. ಅಂಥ ಹೊತ್ತಿನಲ್ಲಿ ಫೋನು, ಸ್ವಲ್ಪ ದುಡ್ಡು, ದಿನದ ಮಾತ್ರೆ ಮೈಮೇಲೆ ಇದ್ದರೆ ಅರ್ಧ ಭಾರ ಇಳಿದಂತೆ.

ಇದಕ್ಕೆ ಹತ್ತು ಜೇಬಿನ ವಿಶೇಷ ಜಾಕೆಟ್ ಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ನಮ್ಮ ಸೆಕೆಯಲ್ಲಿ ಅದನ್ನು ದಿನಾ ಹಾಕುವವರು ಯಾರು? ಹಾಕದ ಬಟ್ಟೆ ಆಪತ್ತಿಗೆ ಬರುವುದಿಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅಜ್ಜಿಯರು ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಗಂಡಸರ ಪಟ್ಟಾಪಟ್ಟಿ ಚಡ್ಡಿಗೆ ದೊಡ್ಡ ಜೇಬು ಇರುತ್ತಿತ್ತು. ಈಗ ಹೆಂಗಸರ ರೆಡಿಮೇಡ್ ಬಟ್ಟೆಯಲ್ಲಿ ಜೇಬೇ ಇಲ್ಲ. ಇದ್ದರೂ ನಾಲ್ಕು ಬೆರಳಿನ ಆಳ.

ಎಲ್ಲಕ್ಕಿಂತ ಮೊದಲು ನೈಟಿಗೆ ಜೇಬು ಇಡಿ. ಚೂಡಿದಾರ್ ಟಾಪ್ ಆಮೇಲೆ. ರಾತ್ರಿ ಬಾಗಿಲು ಬಡಿದು "ನೀರು ಬಂತು, ಏಳಿ" ಅಂದಾಗ ಮೈಮೇಲೆ ಇರುವುದು ನೈಟಿಯೇ ಅಲ್ವಾ? ಹೊಸದು ಕೊಳ್ಳುವುದಿದ್ದರೆ ಕಾಟನ್ನೇ ಕೊಳ್ಳಿ. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಟನ್ನೂ ಉರಿಯುತ್ತದೆ, ಹಾಗಾಗಿ ಒಲೆ ಮುಂದೆ ನಿಲ್ಲುವವರಿಗೆ ಜೋಲುವ ಅಗಲ ತೋಳು ಬೇಡ.

ಬಟ್ಟೆ ಆರಿಸುವುದು

ಜೇಬಿಗೆ ಹಳೆಯ ಕಾಟನ್ ಶರ್ಟು ಅಥವಾ ಪಾಪ್ಲಿನ್ ಸಾಕು. ಹೊಸ ಬಟ್ಟೆಯಾದರೆ ಒಮ್ಮೆ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ನೈಟಿಯನ್ನು ಜಗ್ಗುತ್ತದೆ. ಅಂಗಡಿಯಲ್ಲಿ ಕೊಡುವ ತೆಳು ಸ್ಯಾಟಿನ್ ಲೈನಿಂಗ್ ಬೇಡವೇ ಬೇಡ. ಕೀಲಿಕೈ ಚುಚ್ಚಿ ಬೇಗ ತೂತಾಗುತ್ತದೆ, ಫೋನೂ ಜಾರುತ್ತದೆ.

ಕತ್ತರಿಸುವುದು

ಒಂದೇ ಅಳತೆಯ ಎರಡು ತುಂಡು, 12 ಇಂಚು ಉದ್ದ, 7 ಇಂಚು ಅಗಲ. ಕೆಳಗಿನ ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಧೂಳು ಕೂರುತ್ತದೆ, ಚಿಲ್ಲರೆ ಸಿಕ್ಕಿಕೊಳ್ಳುತ್ತದೆ.

ಜೋಡಿಸುವುದು: ಕೆಡುವುದೇ ಇಲ್ಲಿ

ಹೊಲಿಗೆ ಕಲಿಯಲು ಬರುವವರು ಇದೊಂದು ಹಂತದಲ್ಲೇ ಬಟ್ಟೆ ಹಾಳು ಮಾಡಿಕೊಳ್ಳುವುದನ್ನು ನೋಡುತ್ತಲೇ ಇದ್ದೇನೆ. ಹಾಗಾಗಿ ಇಲ್ಲಿ ಅವಸರ ಬೇಡ.

ನೈಟಿ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಕೈಯನ್ನು ಸಹಜವಾಗಿ ಸೊಂಟದ ಪಕ್ಕಕ್ಕೆ ತನ್ನಿ. ಬೆರಳು ಒಳಗೆ ಹೋಗಬೇಕು ಅನ್ನಿಸುವ ಜಾಗಕ್ಕೆ ಸೈಡ್ ಹೊಲಿಗೆಯ ಮೇಲೆ ಒಂದು ಪಿನ್ನು ಚುಚ್ಚಿ. ಅದು ಜೇಬಿನ ಬಾಯಿಯ ಮೇಲ್ತುದಿ. ಅಲ್ಲಿಂದ ಆರೂವರೆ ಇಂಚು ಕೆಳಗೆ ಇನ್ನೊಂದು ಪಿನ್ನು. ನೈಟಿಯನ್ನು ಮೇಜಿನ ಮೇಲೆ ಹರಡಿಕೊಂಡು ಅಳತೆ ಮಾಡುವವರು ಜಾಸ್ತಿ. ಹಾಗೆ ಮಾಡಿದರೆ ಜೇಬು ತೊಡೆಯ ಹತ್ತಿರ ಬಂದು ಕೂರುತ್ತದೆ, ನಡೆಯುವಾಗ ಫೋನು ಮಂಡಿಗೆ ಬಡಿಯುತ್ತದೆ.

ಈಗ ನೈಟಿಯನ್ನು ಉಲ್ಟಾ ಮಾಡಿ. ಎರಡು ಪಿನ್ನುಗಳ ನಡುವಿನ ಹೊಲಿಗೆ ಬಿಚ್ಚಬೇಕು. ಬಿಚ್ಚುವ ಮೊದಲು, ಮೇಲಿನ ಪಿನ್ನಿನ ಮೇಲೆ ಅರ್ಧ ಇಂಚು, ಕೆಳಗಿನ ಪಿನ್ನಿನ ಕೆಳಗೆ ಅರ್ಧ ಇಂಚು, ಹಳೆಯ ಹೊಲಿಗೆಯ ಮೇಲೆಯೇ ಹಿಂದೆ ಮುಂದೆ ಮೂರು ಸಲ ಮಿಷನ್ ಓಡಿಸಿ. ಈ ಎರಡು ಲಾಕ್ ಹಾಕದೆ ಬಿಚ್ಚಿದರೆ ಸೈಡ್ ಹೊಲಿಗೆ ಅಲ್ಲಿಗೆ ನಿಲ್ಲುವುದಿಲ್ಲ, ಒಂದೆರಡು ಒಗೆತದಲ್ಲಿ ಕಂಕುಳದ ತನಕ ಬಿಡುತ್ತಾ ಹೋಗುತ್ತದೆ. ಬಿಚ್ಚಲು ಬ್ಲೇಡು ಬೇಡ. ಹತ್ತಿಪ್ಪತ್ತು ರೂಪಾಯಿಗೆ ಸೀಮ್ ರಿಪ್ಪರ್ ಸಿಗುತ್ತದೆ, ಅದನ್ನೇ ಬಳಸಿ.

ಬಿಚ್ಚಿದ ಮೇಲೆ ಎರಡೂ ಅಂಚನ್ನು ಇಸ್ತ್ರಿ ಮಾಡಿ. ಇಲ್ಲೊಂದು ತೊಡಕು ಎದುರಾಗುತ್ತದೆ. ರೆಡಿಮೇಡ್ ನೈಟಿಗಳಲ್ಲಿ ಹೊಲಿಗೆಯ ಆಚೆ ಉಳಿದ ಬಟ್ಟೆ ಕಾಲು ಇಂಚಷ್ಟೇ ಇರುತ್ತದೆ, ಅದಕ್ಕೂ ಓವರ್‌ಲಾಕ್ (ನೂಲು ಬಿಚ್ಚದಂತೆ ಅಂಚಿಗೆ ಸುತ್ತುವ ಹೊಲಿಗೆ) ಹಾಕಿರುತ್ತಾರೆ. ಅಷ್ಟು ಕಡಿಮೆ ಅಂಚಿಗೆ ನೇರವಾಗಿ ಜೇಬು ಹೊಲಿದರೆ ಕಿತ್ತು ಬರುತ್ತದೆ. ಆದ್ದರಿಂದ ಮುಂದಿನ ಅಂಚಿನ ಉಲ್ಟಾ ಕಡೆ ಒಂದು ಕಾಟನ್ ಪಟ್ಟಿ ಇಡಿ. ಅರ್ಧ ಇಂಚು ಅಗಲ, ಬಾಯಿಗಿಂತ ಎರಡು ಇಂಚು ಜಾಸ್ತಿ ಉದ್ದ. ಹಳೆಯ ಕಾಟನ್ ಸೀರೆಯ ಅಂಚಿನಿಂದ ಕತ್ತರಿಸಿದ ಪಟ್ಟಿ ಇದಕ್ಕೆ ಬಲು ಚೆನ್ನ, ಏಕೆಂದರೆ ಅದು ಹಿಗ್ಗುವುದಿಲ್ಲ. ಜೇಬಿನ ತೂಕವೆಲ್ಲ ಬೀಳುವುದು ಮುಂದಿನ ಅಂಚಿನ ಮೇಲೆ. ಪಟ್ಟಿ ಇಲ್ಲದಿದ್ದರೆ ಬಾಯಿ ಹಿಗ್ಗಿ ಜೋತುಬೀಳುತ್ತದೆ, ಕುಳಿತಾಗ ಫೋನು ತಾನಾಗಿಯೇ ಹೊರಗೆ ಜಾರುತ್ತದೆ.

ಒಂದು ಜೇಬಿನ ತುಂಡನ್ನು ನೈಟಿಯ ಮುಂಭಾಗದ ಅಂಚಿಗೆ ಸೀದಾ ಮೇಲೆ ಸೀದಾ ಬರುವಂತೆ, ಅಂದರೆ ಎರಡರ ಹೊರಮುಖ ಒಂದಕ್ಕೊಂದು ತಾಗುವಂತೆ ಇಡಿ. ತುಂಡಿನ ಮೇಲ್ತುದಿ ಬಾಯಿಗಿಂತ ಒಂದು ಇಂಚು ಮೇಲಿರಲಿ. ಪಟ್ಟಿಯೂ ಸೇರುವಂತೆ ಪಿನ್ನು ಚುಚ್ಚಿ, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚಿಬಿಡುವ ಉದ್ದುದ್ದ ಹೊಲಿಗೆ) ಹಾಕಿ, ಆಮೇಲೆ ಮಿಷನ್. ಕಚ್ಚಾ ಹೊಲಿಗೆ ಬಿಟ್ಟು ನೇರ ಮಿಷನ್‌ಗೆ ಹೋಗುವುದು ಸಮಯ ಉಳಿಸುವ ದಾರಿ ಅಂತ ಕೆಲವರು ಹೇಳುತ್ತಾರೆ. ಬಟ್ಟೆ ಜರುಗಿ ಮತ್ತೆ ಬಿಚ್ಚಲು ಕೂತಾಗ ಆ ಸಮಯ ಎರಡರಷ್ಟು ಹೋಗುತ್ತದೆ. ಹಳೆಯ ಹೊಲಿಗೆಯ ಗೆರೆಯ ಮೇಲೆಯೇ ಹೊಲಿಯಬೇಡಿ. ಅದಕ್ಕಿಂತ ಒಂದು ನೂಲಿನಷ್ಟು ಅಂಚಿನ ಕಡೆಗೆ ಹೊಲಿಯಿರಿ. ಆಗ ಒಳಗಿನ ಬಟ್ಟೆ ಹೊರಗೆ ಇಣುಕುವುದಿಲ್ಲ. ಹಿಂಭಾಗಕ್ಕೆ ಎರಡನೆಯ ತುಂಡನ್ನೂ ಹೀಗೆಯೇ ಸೇರಿಸಿ.

ಈಗ ಎರಡು ತುಂಡುಗಳನ್ನು ಸುತ್ತಲೂ ಸೇರಿಸಬೇಕು. ಬಾಯಿಯ ಮೂಲೆಯಲ್ಲಿ ಸಣ್ಣ ತೂತು ಉಳಿಯುವುದು ಈಗಲೇ. ಆ ತೂತಿನಿಂದಲೇ ಮಾತ್ರೆ, ನಾಣ್ಯ, ಕೀಲಿ ಎಲ್ಲ ಬಿದ್ದುಹೋಗುತ್ತವೆ. ತೂತು ಆಗದಿರಲು ಹೊಲಿಗೆಯನ್ನು ಮೂಲೆಯಿಂದ ಶುರು ಮಾಡಬೇಡಿ. ಲಾಕ್ ಹಾಕಿದ್ದೀರಲ್ಲ, ಅದಕ್ಕೂ ಸ್ವಲ್ಪ ಮೇಲಿನಿಂದ, ನೈಟಿಯ ಸೈಡ್ ಹೊಲಿಗೆಯ ಮೇಲೆಯೇ ಶುರು ಮಾಡಿ. ಬಾಯಿಯ ತುದಿಗೆ ಬಂದಾಗ ನಿಲ್ಲಿಸಿ. ಸೂಜಿ ಬಟ್ಟೆಯೊಳಗೇ ಇರಲಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಮಾತ್ರ ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸಿ, ಜೇಬಿನ ಸುತ್ತ ಹೋಗಿ. ಕೆಳಗಿನ ಮೂಲೆಯಲ್ಲೂ ಹೀಗೆಯೇ ತಿರುಗಿ ಮತ್ತೆ ಸೈಡ್ ಹೊಲಿಗೆಯ ಮೇಲೆ ಮುಗಿಸಿ. ಕಾಲು ಇಂಚು ಆಚೆ ಇನ್ನೊಂದು ಸುತ್ತು ಹೊಲಿಗೆ. ಓವರ್‌ಲಾಕ್ ಇಲ್ಲದವರು ಅಂಚಿಗೆ ಜಿಗ್‌ಜಾಗ್ ಹಾಕಲಿ.

ಕೊನೆಗೆ ಸೀದಾ ಕಡೆ ತಿರುಗಿಸಿ, ಬಾಯಿಯ ಎರಡೂ ತುದಿಯಲ್ಲಿ ದಪ್ಪ ದಾರದಿಂದ ಕೈಯಲ್ಲಿ ಅಡ್ಡಡ್ಡ ಎಂಟು ಹತ್ತು ಹೊಲಿಗೆ ಹಾಕಿ ಬಿಗಿ ಮಾಡಿ. ಜೀನ್ಸ್ ಜೇಬಿನ ತುದಿ ನೋಡಿ, ಅಲ್ಲಿ ಇರುವುದೂ ಇದೇ.

ಸೀರೆ ಉಡುವವರಿಗೆ ಇಷ್ಟು ಕಷ್ಟವಿಲ್ಲ. ಲಂಗದ ಬಲಗಡೆ, ಲಾಡಿ ಹಾಯುವ ಪಟ್ಟಿಗೇ ಜೇಬಿನ ಮೇಲಂಚನ್ನು ಸೇರಿಸಿ ಹೊಲಿಯಿರಿ. ತೂಕ ಲಾಡಿಯ ಮೇಲೆ ಬೀಳುತ್ತದೆ, ಬಟ್ಟೆಯ ಮೇಲಲ್ಲ. ಲಂಗದ ಮಧ್ಯದಲ್ಲಿ ಎಲ್ಲೋ ಜೇಬು ಅಂಟಿಸಿದರೆ ನೆರಿಗೆ ವಾರೆಯಾಗುತ್ತದೆ.

ಜೇಬಿನ ಬಾಗಿಲು

ನನ್ನ ಮಾತು ಕೇಳಿ, ವೆಲ್ಕ್ರೋ ಬೇಡ. ಒಗೆದಂತೆ ದಾರ, ಕೂದಲು ಹಿಡಿದು ಅಂಟುವುದನ್ನೇ ಬಿಡುತ್ತದೆ. ತೆಗೆಯುವಾಗ ಪರ್ರೆಂದು ಸದ್ದು ಬೇರೆ. ಬಸ್ಸಿನಲ್ಲಿ ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದಾಗ ಆ ಸದ್ದು ನಿಮಗೆ ಬೇಕಾಗಿಲ್ಲ. ಲೋಹದ ಜಿಪ್ ಕೂಡ ಬೇಡ, ಬೆವರಿಗೆ ಕಿಲುಬು ಹಿಡಿಯುತ್ತದೆ. ಬಾಯಿಗೆ ಎರಡು ಟಿಚ್ ಬಟನ್ (ಒತ್ತಿದರೆ ಕೂಡುವ ಗುಂಡಿ) ಸಾಕು. ಒಳಗೆ ದುಡ್ಡಿಗೆ ಅಂತ 4 ಇಂಚಿನ ಚಿಕ್ಕ ಜೇಬು ಬೇಕಿದ್ದರೆ, ಸುತ್ತ ಸೇರಿಸುವ ಮೊದಲೇ ಹಿಂದಿನ ತುಂಡಿಗೆ ನೈಲಾನ್ ಜಿಪ್ ಹಾಕಿ ಹೊಲಿದಿಡಿ.

ಏನಿಡಬೇಕು

ಕಡಿಮೆ ಇಡಿ. ಬಾಯಿ ಮುಚ್ಚುವ ಪ್ಲಾಸ್ಟಿಕ್ ಕವರ್‌ನಲ್ಲಿ 100, 50ರ ನೋಟುಗಳು. ಕರೆಂಟು, ನೆಟ್‌ವರ್ಕ್ ಹೋದಾಗ ಯುಪಿಐ ನಡೆಯುವುದಿಲ್ಲ, 500ಕ್ಕೆ ಚಿಲ್ಲರೆ ಸಿಗುವುದಿಲ್ಲ. ಗುರುತಿನ ಚೀಟಿಯ ಪ್ರತಿ, ಎರಡು ದಿನದ ಮಾತ್ರೆ, ಒಂದು ಸೀಟಿ. ಸೀಟಿ ಒಳಗೆ ಗುಂಡು ಇಲ್ಲದ್ದಾಗಿರಲಿ. ಗುಂಡಿನದು ಒದ್ದೆಯಾದರೆ ಕೆಲವೊಮ್ಮೆ ಊದುವುದೇ ಇಲ್ಲ. ಸೀಟಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಬೇಡಿ, ಮಕ್ಕಳಿಗಂತೂ ಖಂಡಿತ ಬೇಡ. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಮಕ್ಕಳ ಜಾಕೆಟ್ಟಿನ ಟೋಪಿಯ ದಾರವನ್ನೂ ಇವತ್ತೇ ಎಳೆದು ತೆಗೆದುಬಿಡಿ.

ಒಂದು ಚೀಟಿಯಲ್ಲಿ ಇಬ್ಬರ ಫೋನ್ ನಂಬರ್ ಬರೆಯಿರಿ. ಫೋನ್ ಸತ್ತರೆ ಮನೆಯವರ ನಂಬರ್ ನಮಗೆ ಬಾಯಿಪಾಠ ಇರುವುದಿಲ್ಲ. ಕೆಳಗೆ 112 ಇರಲಿ, ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲದಕ್ಕೂ ಅದೊಂದೇ ನಂಬರ್. ರಕ್ತದ ಗುಂಪು ಬರೆಯುವವರು ಬಹಳ. ಬರೆಯಿರಿ, ಆದರೆ ರಕ್ತ ಕೊಡುವ ಮೊದಲು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಯಾವ ಔಷಧಿ ನಿಮಗೆ ಆಗುವುದಿಲ್ಲ, ದಿನಾ ಯಾವ ಮಾತ್ರೆ ತಗೊಳ್ಳುತ್ತೀರಿ ಎಂಬುದು ಅದಕ್ಕಿಂತ ಮುಖ್ಯ.

ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಚೀಟಿ ಸಾಲದು. ಕಾಟನ್ ಪಟ್ಟಿಯ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಎರಡು ನಂಬರ್ ಬರೆದು, ಇಸ್ತ್ರಿ ಹಾಯಿಸಿ, ಬನಿಯನ್, ಅಂಗಿ, ಪಂಚೆ ಎಲ್ಲದರ ಒಳಬದಿಗೂ ನಾಲ್ಕು ಕಡೆ ಹೊಲಿಯಿರಿ. ಅವರು ಮೇಲಂಗಿ ಬಿಚ್ಚಿಟ್ಟು ಹೊರಟುಬಿಡುತ್ತಾರೆ, ಅದಕ್ಕೇ ಒಂದರಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಮಕ್ಕಳಿಗೂ ಒಳಬದಿಗೇ ಹೊಲಿಯಿರಿ. ಹೆಸರು ಹೊರಗೆ ಕಂಡರೆ ಗುರುತಿಲ್ಲದವರು ಹೆಸರು ಹಿಡಿದು ಕರೆಯುತ್ತಾರೆ, ಮಗು ನಂಬಿ ಹೋಗುತ್ತದೆ.

ರಸ್ತೆಗೆ ಎರಡು ಬದಲಾವಣೆ

ದುಪಟ್ಟಾವನ್ನು ಹೆಗಲಿಗೆ ಪಿನ್ನು ಹಾಕಿ ಬಿಗಿದುಕೊಂಡು ಸ್ಕೂಟರ್ ಹತ್ತುವವರನ್ನು ಕಂಡರೆ ನನಗೆ ಜೀವ ಹೋದಂತಾಗುತ್ತದೆ. ತುದಿ ಚಕ್ರಕ್ಕೆ ಸಿಕ್ಕರೆ ಪಿನ್ನು ಬಿಡುವುದಿಲ್ಲ. ಕುತ್ತಿಗೆಯನ್ನೇ ಎಳೆದುಕೊಂಡು ಹೋಗುತ್ತದೆ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಬೈಕಿಗೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲಿದೆ. ಅಂದ ಕೆಡುತ್ತದೆ ಅಂತ ಅದನ್ನು ಬಿಚ್ಚಿಸಿದವರು ಇವತ್ತೇ ವಾಪಸ್ ಹಾಕಿಸಿ. ಗಾಡಿಯ ಮೇಲೆ ದುಪಟ್ಟಾ ತೆಗೆದು ಚೀಲದಲ್ಲಿಡುವುದೇ ಒಳ್ಳೆಯದು. ಹಾಕಲೇಬೇಕಾದರೆ ಪಿನ್ನಿನ ಜಾಗದಲ್ಲಿ ಟಿಚ್ ಬಟನ್ ಹೊಲಿಯಿರಿ, ಜೋರಾಗಿ ಎಳೆದರೆ ಬಿಡುತ್ತದೆ. ಎರಡೂ ತುದಿ ಮುಂದಕ್ಕೆ ತಂದು ಟಾಪಿನೊಳಗೆ ಸೇರಿಸಿಕೊಳ್ಳಿ. ಕುತ್ತಿಗೆಗೆ ಸುತ್ತಲೇಬೇಡಿ.

ಇನ್ನೊಂದು, ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್ ಟೇಪು. ಬೆಳಗಿನ ಜಾವ ಹಾಲಿಗೆ ಹೋಗುವವರು, ವಾಕಿಂಗ್ ಹೋಗುವವರು, ರಾತ್ರಿ ಗದ್ದೆಗೆ ನೀರು ಬಿಡಲು ಹೋಗುವವರು ಎಲ್ಲರಿಗೂ ಬೇಕು. ಎಲ್ಲರೂ ಬೆನ್ನಿಗೆ ಹಚ್ಚುತ್ತಾರೆ. ಬೆನ್ನಿಗೂ ಇರಲಿ, ಆದರೆ ತೋಳಿನ ತುದಿಗೆ, ಪ್ಯಾಂಟಿನ ಕೆಳಗೆ ಮೊದಲು ಹಾಕಿ. ಆಡುವ ಕೈಕಾಲು ಕಂಡರೆ ಅದು ಮನುಷ್ಯ ಎಂದು ಡ್ರೈವರ್‌ಗೆ ಬೇಗ ಗೊತ್ತಾಗುತ್ತದೆ. ಟೇಪು ಕೊಳ್ಳುವಾಗ ಮೋಸ ಜಾಸ್ತಿ, ಬರೀ ಬೆಳ್ಳಿ ಬಣ್ಣದ ಬಟ್ಟೆಯನ್ನೂ ಕೊಡುತ್ತಾರೆ. ಅಂಗಡಿಯ ಕತ್ತಲೆ ಮೂಲೆಯಲ್ಲಿಟ್ಟು ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ. ಅಸಲಿಯಾದರೆ ಫೋಟೋದಲ್ಲಿ ಬಿಳಿಯಾಗಿ ಧಗ್ಗನೆ ಹೊಳೆಯುತ್ತದೆ. ಹೊಲಿಯುವಾಗ ದೊಡ್ಡ ಹೊಲಿಗೆ ಇಡಿ. ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿಯಂತೆ ಸಾಲು ತೂತು ಬಿದ್ದು ಟೇಪು ಹರಿಯುತ್ತದೆ. ರೇನ್‌ಕೋಟಿನ ಬೆನ್ನಿಗೆ ಸೂಜಿ ತಾಗಿಸಬೇಡಿ, ನೀರು ಒಳಗೆ ಬರುತ್ತದೆ. ಅದಕ್ಕೆ ಅಂಟಿಸುವ ಟೇಪೇ ಸರಿ.

ಪರೀಕ್ಷೆ

ಜೇಬು ತುಂಬಿಕೊಂಡು ಮೆಟ್ಟಿಲು ಬೇಗ ಬೇಗ ಹತ್ತಿ ಇಳಿಯಿರಿ. ಕುಕ್ಕರುಗಾಲಲ್ಲಿ ಕೂತು ಏಳಿ. ಮಲಗಿ ಹೊರಳಿ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಕೈಯಲ್ಲಿ ಫೋನ್ ಹೊರಗೆ ತೆಗೆಯಿರಿ. ತಡಕಾಡಬೇಕಾದರೆ ಜೇಬಿನ ಬಾಯಿ ಚಿಕ್ಕದಾಗಿದೆ ಅಥವಾ ಜೇಬು ತೀರಾ ಆಳವಾಗಿದೆ ಅಂತ ಅರ್ಥ.

ಮಿಷನ್ ಇಲ್ಲದವರು ಟೈಲರ್ ಹತ್ತಿರ ಹೋದಾಗ "ಒಂದು ಜೇಬು ಇಡಿ" ಅಂತಷ್ಟೇ ಹೇಳಬೇಡಿ. ಜೇಬಿನ ಬಟ್ಟೆ ನೀವೇ ಒಯ್ಯಿರಿ. ಪಿನ್ನು ಚುಚ್ಚಿ ಜಾಗ ಗುರುತು ಮಾಡಿಯೇ ಕೊಡಿ. ಮುಂದಿನ ಅಂಚಿಗೆ ಪಟ್ಟಿ, ಸುತ್ತ ಡಬಲ್ ಹೊಲಿಗೆ, ತುದಿಗಳಿಗೆ ಲಾಕ್ ಎಂದು ಮೂರನ್ನೂ ಬಾಯಿಬಿಟ್ಟು ಹೇಳಿ. "ಸೈಡಲ್ಲಿ ಉಬ್ಬುತ್ತೆ ಮೇಡಂ, ಚೆನ್ನಾಗಿ ಕಾಣಲ್ಲ" ಎನ್ನುವ ಟೈಲರ್‌ಗಳು ಇದ್ದಾರೆ. ಉಬ್ಬಲಿ ಅನ್ನಿ. ಹೊಲಿದು ಕೊಟ್ಟ ಮೇಲೆ ದುಡ್ಡು ಕೊಡುವ ಮೊದಲು ಬೆರಳು ಹಾಕಿ ಬಾಯಿಯ ಎರಡೂ ಮೂಲೆ ಮುಟ್ಟಿ ನೋಡಿ. ಬೆರಳು ತೂರಿದರೆ ಅಲ್ಲೇ ಸರಿ ಮಾಡಿಸಿಕೊಂಡು ಬನ್ನಿ.