ವಿಭೂತಿ ಹಚ್ಚಿ ಕೆಡಿಸಿದ ಅರ್ಧ ಡಾಲರ್

ನ್ಯೂಜೆರ್ಸಿಯಲ್ಲಿ ನಮ್ಮ ಬೀದಿಯ ಗರಾಜ್ ಸೇಲ್‌ನಲ್ಲಿ (ಮನೆಯ ಹಳೇ ಸಾಮಾನು ಮಾರುವ ಕಡೆ) ಒಂದು ಹಳೇ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ 14 ಅರ್ಧ ಡಾಲರ್ ನಾಣ್ಯಗಳು. ಆಗ ನನಗೆ ಗೊತ್ತಿದ್ದದ್ದು ಒಂದೇ: 1964ರವರೆಗಿನ ಅರ್ಧ ಡಾಲರ್‌ನಲ್ಲಿ 90% ಬೆಳ್ಳಿ ಇರುತ್ತದೆ.

ಮನೆಗೆ ತಂದು ಹದಿನಾಲ್ಕನ್ನೂ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿ, ಬಗ್ಗಿ ಪಕ್ಕದಿಂದ ನೋಡಿದೆ. ನಾಲ್ಕರ ಅಂಚಿನಲ್ಲಿ ತಾಮ್ರದ ಗೆರೆ ಎದ್ದು ಕಾಣುತ್ತಿತ್ತು. ಅವು 1971ರ ನಂತರದವು, ಬೆಳ್ಳಿ ಇಲ್ಲ. ಅವನ್ನು ಸುಮ್ನೆ ಅಂಗಡಿಯಲ್ಲಿ ಖರ್ಚು ಮಾಡಿದೆ.

ಮೂರು ಮಾತ್ರ ತಲೆ ತಿಂದವು. ಅಂಚು ಪೂರ್ತಿ ಬಿಳಿಯೂ ಅಲ್ಲ, ತಾಮ್ರವೂ ಅಲ್ಲ. ಇಸವಿ ನೋಡಿದರೆ 1967, 68, 69. 1965ರಿಂದ 1970ರವರೆಗಿನ ಕೆನಡಿ ನಾಣ್ಯಗಳಲ್ಲಿ (ಅಧ್ಯಕ್ಷ ಕೆನಡಿ ಮುಖ ಇರುವವು) ಬೆಳ್ಳಿ ಬರೀ 40%. ಇವು 11.5 ಗ್ರಾಂ, ಬೆಳ್ಳಿ ಇಲ್ಲದವು 11.34 ಗ್ರಾಂ. ಅಡುಗೆಮನೆ ತಕ್ಕಡಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತರಿಸಿದೆ.

ಉಳಿದ ಏಳು ಅಸಲಿ ಬೆಳ್ಳಿ. ಹೊಸದಾಗಿದ್ದಾಗ ತೂಕ 12.5 ಗ್ರಾಂ, ಅದರಲ್ಲಿ ಬೆಳ್ಳಿ 11.25 ಗ್ರಾಂ. ನಮ್ಮ ಹಳೇ ತೊಲದ ಲೆಕ್ಕಕ್ಕೆ ಚೂರು ಕಡಿಮೆ, ಅಷ್ಟೆ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಕನಿಷ್ಠ ಬೆಲೆ ಸಿಕ್ಕಿತು. ಅದಕ್ಕಿಂತ ಜಾಸ್ತಿ ಬರುತ್ತದಾ ಅನ್ನುವುದು ಇಸವಿ, ಟಂಕಸಾಲೆಯ ಗುರುತು, ಸವೆತ ಈ ಮೂರರ ಮೇಲೆ. 1964ರ ಕೆನಡಿ 42 ಕೋಟಿಗೂ ಜಾಸ್ತಿ ಅಚ್ಚಾಗಿದೆ. ಸವೆದದ್ದಕ್ಕೆ ಬೆಳ್ಳಿ ಬೆಲೆಯೇ ಗತಿ. ಬೆಂಜಮಿನ್ ಫ್ರಾಂಕ್ಲಿನ್ ಮುಖದ ನಾಣ್ಯವಾದರೆ (1948ರಿಂದ 63) ಹಿಂಬದಿಯ ಗಂಟೆ ನೋಡಬೇಕು. ಗಂಟೆಯ ಕೆಳಭಾಗದ ಅಡ್ಡಗೆರೆಗಳು ಎಲ್ಲೂ ತುಂಡಾಗದೆ ಇದ್ದರೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ನನ್ನದರಲ್ಲಿ ಗೆರೆಗಳೇ ಮಾಯ!

ಕೊನೆಗೆ ಉಳಿದದ್ದು ಒಂದು ವಾಕಿಂಗ್ ಲಿಬರ್ಟಿ. ಉದ್ದ ಬಟ್ಟೆಯ ಹೆಂಗಸು ಸೂರ್ಯನ ಕಡೆ ನಡೆಯುವ ಚಿತ್ರ. ಅರ್ಧ ಡಾಲರ್‌ಗಳಲ್ಲಿ ಇದರಷ್ಟು ಚಂದದ್ದು ಇನ್ನೊಂದಿಲ್ಲ, ನನ್ನ ಕಣ್ಣಿಗಂತೂ. ಇಸವಿ 1938. ಮಾಸಿ ಕಪ್ಪಾಗಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಊರಿಂದ ಬಂದಿದ್ದ ಅಮ್ಮ ದೇವರ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಿದ್ದರು. ನಾನೂ ಒಂದು ಚಿಟಿಕೆ ಇಸಿದುಕೊಂಡು ನಾಣ್ಯವನ್ನು ತಿಕ್ಕಿದೆ. ಫಳಫಳ ಹೊಳೆಯಿತು. ಆಮೇಲೆ ಭೂತಗನ್ನಡಿ ಹಿಡಿದರೆ, ಹಿಂಬದಿಯ ಎಡಗಡೆ ಅಂಚಿನ ಹತ್ತಿರ ಪುಟಾಣಿ 'ಡಿ' ಅಕ್ಷರ. ಡೆನ್ವರ್ ಟಂಕಸಾಲೆ! ಆ ವರ್ಷ ಅಲ್ಲಿ ಅಚ್ಚಾದದ್ದು 4,91,600 ಮಾತ್ರ. ಈ ಸರಣಿಯಲ್ಲಿ ಜನ ಹುಡುಕಿಕೊಂಡು ಬರುವ ನಾಣ್ಯಗಳಲ್ಲಿ ಇದೂ ಒಂದು.

ನಾಣ್ಯದ ವ್ಯಾಪಾರಿ ಅದನ್ನು ದೀಪದ ಕೆಳಗೆ ಆಚೀಚೆ ವಾಲಿಸಿದ. ಒಂದೇ ದಿಕ್ಕಿಗೆ ನೂರಾರು ಸಣ್ಣ ಗೀರುಗಳು ಮಿಂಚಿದವು. "ಉಜ್ಜಿದ್ದೀರಾ?" ಅಂದ. ನಾಣ್ಯ ಪರೀಕ್ಷಿಸಿ ಗ್ರೇಡ್, ಅಂದರೆ ದರ್ಜೆ, ಕೊಡುವ ಪಿಸಿಜಿಎಸ್, ಎನ್‌ಜಿಸಿಯಂಥ ಕಂಪನಿಗಳಿಗೆ ಕಳಿಸಿದರೂ ಉಜ್ಜಿದ ನಾಣ್ಯಕ್ಕೆ ಸಂಖ್ಯೆಯ ಗ್ರೇಡ್ ಸಿಗುವುದಿಲ್ಲವಂತೆ. ಹಾಗೇ ತಂದಿದ್ದರೆ ಕೊಡುತ್ತಿದ್ದ ಬೆಲೆ ಹೇಳಿ, ಅದರ ಅರ್ಧಕ್ಕಿಂತ ಕಡಿಮೆಗೆ ಕೇಳಿದ. ಕೊಡದೆ ವಾಪಸ್ ಬಂದೆ.

ಅಮ್ಮನಿಗೆ ಹೇಳಿದರೆ, "ಅವನಿಗೇನು ಗೊತ್ತೋ? ಎಷ್ಟು ಲಕ್ಷಣವಾಗಿದೆ ನೋಡು" ಅಂದರು. ಈಗ ಅದು ದೇವರ ಮನೆಯಲ್ಲಿ, ಲಕ್ಷ್ಮಿ ಫೋಟೋ ಮುಂದೆ ಕೂತಿದೆ. ಪ್ರತಿ ಶುಕ್ರವಾರ ಕುಂಕುಮ ಬೇರೆ.