ದುಡ್ಡು ಕೊಟ್ಟು ತರಿಸಿದ ಸಬ್‌ಮರೀನ್ ನಕ್ಷೆ: ಪ್ಲೇಟ್ ಕತ್ತರಿಸುವ ಮೊದಲು

ಒಬ್ಬರೋ ಇಬ್ಬರೋ ಕೂರುವ ಸಬ್‌ಮರೀನ್‌ನ ನಕ್ಷೆಯನ್ನು ಹೊರದೇಶದಿಂದ ತರಿಸಿಕೊಂಡವರಿಗೆ ಆಗುವ ನಿರಾಸೆ ಹೆಚ್ಚುಕಮ್ಮಿ ಒಂದೇ ಬಗೆಯದು. ಸೀಟು ಎಲ್ಲಿ, ಮೋಟರ್ ಎಲ್ಲಿ, ಕಿಟಕಿ ಎಷ್ಟು ದೊಡ್ಡದು ಎಲ್ಲ ಅಂದವಾಗಿ ಬರೆದಿರುತ್ತದೆ. ಹಲ್, ಅಂದರೆ ಜನ ಕೂರುವ ಉಕ್ಕಿನ ಹೊರಕವಚ, ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ, ತೂಕದ ಪಟ್ಟಿ, ವೆಲ್ಡಿಂಗ್ ವಿವರ, ಪರೀಕ್ಷೆಯ ಕ್ರಮ ಈ ನಾಲ್ಕೂ ಇರುವುದಿಲ್ಲ. ಹಾಗಂತ ಕೊಟ್ಟ ದುಡ್ಡು ಪೂರ್ತಿ ನೀರುಪಾಲಾಯಿತು ಅನ್ನಬೇಕಿಲ್ಲ. ನಿಮ್ಮ ಕೈಯಲ್ಲಿರುವುದು ಒಳಗಿನ ಜೋಡಣೆ ತೋರಿಸುವ ಚಿತ್ರ ಮಾತ್ರ, ವಿನ್ಯಾಸವಲ್ಲ ಎಂದು ತಿಳಿದುಕೊಂಡು ಮುಂದಿನ ಕೆಲಸ ಮಾಡಬೇಕು.

ಮೊದಲು ಕಾಗದದ ಕೆಲಸ. ನಕ್ಷೆ ಅಮೆರಿಕದ್ದಾದರೆ ಅದರ ಹಾಳೆಯ ಅಳತೆ ನಮ್ಮ ಎ-3ಕ್ಕೆ ಹೊಂದುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ 'ಪುಟಕ್ಕೆ ಹೊಂದಿಸು' ಎಂದು ಪ್ರಿಂಟ್ ತೆಗೆದರೆ ಸ್ಕೇಲ್ ಕೆಟ್ಟುಹೋಗುತ್ತದೆ. ಹಾಗಾಗಿ ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದಿರುವ ಅಂಕಿಯನ್ನು ಮಾತ್ರ ನಂಬಿ. ಇನ್ನೊಂದು ಅಪಾಯ, ವಸ್ತುವಿನ ಯಾವ ಬದಿಯ ನೋಟವನ್ನು ಹಾಳೆಯ ಎಲ್ಲಿ ಬರೆಯಬೇಕು ಎನ್ನುವ ಪ್ರೊಜೆಕ್ಷನ್‌ನದು. ಅಮೆರಿಕದವರು ಥರ್ಡ್ ಆ್ಯಂಗಲ್‌ನಲ್ಲಿ ಬರೆಯುತ್ತಾರೆ. ನಮ್ಮ ಐಟಿಐ, ಡಿಪ್ಲೊಮಾಗಳಲ್ಲಿ ಕಲಿತವರ ಕಣ್ಣು ಫಸ್ಟ್ ಆ್ಯಂಗಲ್‌ಗೆ ಒಗ್ಗಿರುತ್ತದೆ. ಹೇಳದೆ ಕೊಟ್ಟರೆ ಫ್ಯಾಬ್ರಿಕೇಟರ್ ಎಡಗಡೆಯ ವಾಲ್ವನ್ನು ಬಲಗಡೆ ಕೂರಿಸಿಬಿಡುತ್ತಾನೆ. ಪ್ರತಿ ಹಾಳೆಯ ಮೇಲೂ ಯಾವ ಪದ್ಧತಿ ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಡಿ.

ಪೈಪ್ ಥ್ರೆಡ್‌ನದು ಇದಕ್ಕಿಂತ ಮೋಸದ ಸಂಗತಿ. ನಕ್ಷೆಯಲ್ಲಿರುವುದು ಅಮೆರಿಕದ ಪದ್ಧತಿಯ ಎನ್‌ಪಿಟಿ, ಕಾರವಾರ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದರೊಳಗೊಂದು ಕೂರುತ್ತವೆ, ಬಿಗಿಯಾದಂತೆಯೂ ಕಾಣುತ್ತವೆ. ಆದರೆ ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದ್ದು 55. ಟೇಪ್ ಸುತ್ತಿದರೆ ಅಂಗಳದಲ್ಲಿ ಸೋರುವುದಿಲ್ಲ, ಆಳದಲ್ಲಿ ಸೋರುತ್ತದೆ. ಹಲ್‌ ದಾಟುವ ಪ್ರತಿಯೊಂದು ಜೋಡಣೆಯನ್ನೂ ಒಂದೇ ಪದ್ಧತಿಗೆ ತನ್ನಿ.

ಈಗ ಮುಖ್ಯ ವಿಷಯ, ಪ್ಲೇಟಿನ ದಪ್ಪ. ನಕ್ಷೆಯಲ್ಲಿ ಕಾಲು ಇಂಚು ಅಂದರೆ 6.35 ಮಿ.ಮೀ. ಅಂಗಡಿಯಲ್ಲಿ ಸಿಗುವುದು 6 ಮಿ.ಮೀ. 'ಅಷ್ಟರಲ್ಲೇನಿದೆ' ಅನ್ನಬೇಡಿ. ಹೊರಗಿನ ಒತ್ತಡಕ್ಕೆ ಸಿಲಿಂಡರ್ ಸೊಟ್ಟಗಾಗಿ ಕುಸಿಯುವ ಮಿತಿ ದಪ್ಪದ ಎರಡೂವರೆ ಘಾತದಂತೆ ಏರಿಳಿಯುತ್ತದೆ. ದಪ್ಪ ಶೇ. 5.5 ಇಳಿದರೆ ಈ ಶಕ್ತಿ ಶೇ. 13 ಇಳಿಯುತ್ತದೆ. ಮಳೆಗಾಲವಿಡೀ ಹೊರಗೆ ಬಿದ್ದು ತುಕ್ಕು ತಿಂದ 6 ಮಿ.ಮೀ. ಪ್ಲೇಟ್ 5ಕ್ಕೆ ಬಂದಿದ್ದರೆ ಹೋಗುವುದು ಶೇ. 37.

ಲೆಕ್ಕಕ್ಕೆ ವಿಂಡನ್‌ಬರ್ಗ್-ಟ್ರಿಲ್ಲಿಂಗ್ ಸೂತ್ರ ಹಳೆಯದು, ಸರಳವಾದದ್ದು, ಮೊದಲ ಅಂದಾಜಿಗೆ ಸಾಕು. ವ್ಯಾಸ 1 ಮೀಟರ್, ಪ್ಲೇಟ್ 6 ಮಿ.ಮೀ., ಒಳಗೆ ಬಲಕ್ಕೆ ಕೂರಿಸುವ ಉಕ್ಕಿನ ಬಳೆಗಳ, ಅಂದರೆ ರಿಂಗ್ ಫ್ರೇಮುಗಳ, ನಡುವೆ 400 ಮಿ.ಮೀ. ಅಂತರ ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಕುಸಿಯುವ ಒತ್ತಡ ಸುಮಾರು 40 ಬಾರ್. ಸಾಮಾನ್ಯ ಐಎಸ್ 2062 ಉಕ್ಕು, ಅಂದರೆ 250 ಮೆಗಾಪಾಸ್ಕಲ್‌ನದು, ಅದಕ್ಕೂ ಮೊದಲೇ 30 ಬಾರ್‌ಗೆ ಬಗ್ಗಲು ತೊಡಗುತ್ತದೆ. ಅದೇ ಫ್ರೇಮಿನ ಅಂತರ 800 ಮಾಡಿದರೆ 40 ಇದ್ದದ್ದು 19 ಬಾರ್‌ಗೆ ಬೀಳುತ್ತದೆ. ಸಮುದ್ರದಲ್ಲಿ 10 ಮೀಟರಿಗೆ ಸರಿಸುಮಾರು 1 ಬಾರ್, ಹಾಗಾದರೆ 190 ಮೀಟರ್ ಇಳಿಯಬಹುದಲ್ಲ ಅನ್ನಿಸುತ್ತದೆ. ಆ ಅಂಕಿ ಕಾಗದದ ಮೇಲಿನ ಪರಿಪೂರ್ಣ ಸಿಲಿಂಡರಿನದು. ಕೈಯಲ್ಲಿ ರೋಲ್ ಮಾಡಿದ, ವೆಲ್ಡ್ ಶಾಖಕ್ಕೆ ಎಳೆದುಕೊಂಡ ಹಲ್‌ಗೆ ಅದರ ಕಾಲು ಭಾಗಕ್ಕಿಂತ ಹೆಚ್ಚು ಕೊಡುವುದು ಧೈರ್ಯವಲ್ಲ, ಹುಂಬತನ. ಫ್ರೇಮುಗಳೇ ಕುಸಿಯುವ ಲೆಕ್ಕ ಬೇರೆ ಇದೆ, ಅರ್ಧಗೋಲದ ತುದಿಗಳ ಲೆಕ್ಕವೂ ಬೇರೆ. ಇವೆರಡನ್ನೂ ಪ್ರೆಶರ್ ವೆಸೆಲ್ ಗೊತ್ತಿರುವ ಎಂಜಿನಿಯರಿಂದ ಮಾಡಿಸಿ ಸಹಿ ಹಾಕಿಸಿಕೊಳ್ಳಿ. ಮಾರಿದವರ ಮಾತಿಗಿಂತ ಆ ಒಂದು ಸಹಿಗೆ ಬೆಲೆ ಜಾಸ್ತಿ.

ಹೆಸರಾಂತ ವಿನ್ಯಾಸಗಳನ್ನು ಮಾದರಿಗೆ ನೋಡುವಾಗಲೂ ಎಚ್ಚರವಿರಲಿ. ಅಮೆರಿಕದ ವಿನ್ಯಾಸಕ ಕಿಟ್ರೆಜ್ ಅವರ ಸಣ್ಣ ಸಬ್‌ಮರೀನ್ ಕೆ-350ರ ಹೆಸರಿನಲ್ಲಿರುವ 350 ಇಳಿಯುವ ಆಳ, ಅದೂ ಅಡಿ ಲೆಕ್ಕದ್ದು, ಅಂದರೆ ಸುಮಾರು 107 ಮೀಟರ್. ಆ ಆಳ ಆ ವಿನ್ಯಾಸದ ಪ್ಲೇಟಿಗೆ, ಆ ಫ್ರೇಮಿಗೆ ಸೇರಿದ್ದು; ಹೋಲುವಂತೆ ಕಟ್ಟಿದ ಇನ್ನೊಂದಕ್ಕೆ ಅಂಟುವುದಿಲ್ಲ.

ಪ್ಲೇಟ್ ಕೊಳ್ಳುವಾಗ ಬಾಯ್ಲರ್ ಕ್ವಾಲಿಟಿ ಕೇಳಿ; ವ್ಯಾಪಾರಿಗಳ ಬಾಯಲ್ಲಿ ಅದು ಬಿಕ್ಯೂ ಪ್ಲೇಟ್, ನಕ್ಷೆಯಲ್ಲಿ ಎ-516 ಗ್ರೇಡ್ 70. ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿರುವ ಹೀಟ್ ನಂಬರ್ (ಆ ಉಕ್ಕು ಯಾವ ಸಲ ಕರಗಿಸಿದ್ದು ಎಂಬ ಗುರುತು) ಪ್ಲೇಟಿನ ಮೇಲೂ ಒತ್ತಿರಬೇಕು. ಸೆಕೆಂಡ್ಸ್ ಮಾಲು, ಒಡೆದ ಹಡಗಿನ ಪ್ಲೇಟು ಬೇಡ. ಬೋಟ್ ರಿಪೇರಿ ಮಾಡುವವರು ಕೈಗೆ ಸಿಕ್ಕ ಇ-6013 ರಾಡ್‌ ಹಾಕುತ್ತಾರೆ. ಇಲ್ಲಿ ಬೇಕಾದದ್ದು ಹೈಡ್ರೋಜನ್ ಕಡಿಮೆ ಇರುವ ಇ-7018. ನಮ್ಮ ಕರಾವಳಿಯ ಹವೆಗೆ ಪೊಟ್ಟಣ ಒಡೆದ ರಾಡ್ ಬೇಗ ತೇವ ಹೀರುತ್ತದೆ, ಆ ತೇವದ ಹೈಡ್ರೋಜನ್ನಿಂದ ವೆಲ್ಡಿನ ಪಕ್ಕ ಕಣ್ಣಿಗೆ ಕಾಣದ ಬಿರುಕು ಬರುತ್ತದೆ. ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300–350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಓವನ್ನಿನಲ್ಲಿ ಒಣಗಿಸಿ ಬಿಸಿ ಇರುವಾಗಲೇ ಬಳಸಬೇಕು. ಹಲ್‌ನ ಬಟ್ ಜಾಯಿಂಟುಗಳೆಲ್ಲ ಪೂರ್ಣ ಪೆನೆಟ್ರೇಷನ್ ಆಗಿರಬೇಕು, ಅಂದರೆ ವೆಲ್ಡ್ ಪ್ಲೇಟಿನ ಪೂರ್ತಿ ದಪ್ಪಕ್ಕೆ ಇಳಿದಿರಬೇಕು, ಅಲ್ಟ್ರಾಸಾನಿಕ್ ಇಲ್ಲವೇ ಎಕ್ಸ್‌ರೇ ಪರೀಕ್ಷೆ ಆಗಲೇಬೇಕು. ಬಣ್ಣ ಹಚ್ಚಿ ನೋಡುವ ಡಿಪಿ ಟೆಸ್ಟ್ ಮೇಲ್ಮೈ ಬಿರುಕನ್ನಷ್ಟೇ ತೋರಿಸುತ್ತದೆ.

ದುಂಡಗಿದೆಯೇ ಎಂದು ಟೇಪಿನಿಂದ ವ್ಯಾಸ ಅಳೆದು ತೃಪ್ತರಾಗಬೇಡಿ. ಮೂರು ಮೂಲೆ ಉಬ್ಬಿದ ಸಿಲಿಂಡರಿಗೂ ಎಲ್ಲ ದಿಕ್ಕಿನಲ್ಲಿ ಒಂದೇ ವ್ಯಾಸ ಬರಬಹುದು. ನಡುವೆ ಒಂದು ಪೈಪ್ ನಿಲ್ಲಿಸಿ, ಅದರಿಂದ ಸುತ್ತಲೂ 24 ಕಡೆ ತ್ರಿಜ್ಯ ಅಳೆಯಿರಿ. ವ್ಯತ್ಯಾಸ ತ್ರಿಜ್ಯದ ಶೇ. 0.5ರೊಳಗೆ, ಅಂದರೆ ನಮ್ಮ ಉದಾಹರಣೆಯಲ್ಲಿ 2.5 ಮಿ.ಮೀ. ಒಳಗೆ ಇರಲಿ.

ತೂಕದ ಪಟ್ಟಿ ಇಲ್ಲದ ನಕ್ಷೆ ಕಟ್ಟುವವರಿಗೆ ಏನೂ ಹೇಳುವುದಿಲ್ಲ. ಉದಾಹರಣೆಗೆ 1 ಮೀಟರ್ ವ್ಯಾಸ, 2.5 ಮೀಟರ್ ಉದ್ದದ ಸಿಲಿಂಡರ್, ಎರಡು ತುದಿಗೆ ಅರ್ಧಗೋಲ. ಒಟ್ಟು ಗಾತ್ರ 2.49 ಘನ ಮೀಟರ್. ಮುಳುಗಿದಾಗ ಸಮುದ್ರದಲ್ಲಿ ಇದು 2,550 ಕೆಜಿ ನೀರನ್ನು ಸರಿಸುತ್ತದೆ. 6 ಮಿ.ಮೀ. ಪ್ಲೇಟಿನ ತೂಕ ಬರೀ 520 ಕೆಜಿ. ಮಿಕ್ಕ ಎರಡು ಟನ್ನನ್ನು ಫ್ರೇಮು, ಬ್ಯಾಟರಿ, ಮೋಟರ್, ಜನ ಮತ್ತು ಸೀಸದಿಂದ ತುಂಬಿಸಬೇಕು. ಇಲ್ಲವಾದರೆ ಅದು ಮುಳುಗುವುದೇ ಇಲ್ಲ. ಒಂದೊಂದು ಸಾಮಾನನ್ನೂ ತಕ್ಕಡಿಗಿಟ್ಟು ತೂಕ, ಕೀಲ್‌ನಿಂದ ಎತ್ತರ, ಮೂಗಿನಿಂದ ದೂರ ಎಂದು ಮೂರು ಕಾಲಂ ಬರೆಯಿರಿ. ಗುರುತ್ವ ಕೇಂದ್ರ ತೇಲುವ ಕೇಂದ್ರಕ್ಕಿಂತ (ಸರಿಸಿದ ನೀರಿನ ಗಾತ್ರದ ನಡುಬಿಂದುವಿಗಿಂತ) ಕೆಳಗೇ ಬರಬೇಕು. ಮೇಲೆ ಬಂದರೆ ನೀರೊಳಗೆ ಪಲ್ಟಿ ಖಂಡಿತ.

ಕಾಳಿ ನದಿಯ ಬಾಯಲ್ಲಿ ತೂಕ ಹೊಂದಿಸುವ ಆಲೋಚನೆ ಇದ್ದರೆ ಬಿಡಿ. ಸಿಹಿನೀರಿನಲ್ಲಿ ಇದೇ ಹಲ್ ಸರಿಸುವುದು 2,490 ಕೆಜಿ, ಅಂದರೆ 60 ಕೆಜಿ ಕಡಿಮೆ. ಮಳೆಗಾಲ ಮುಗಿದ ಮೇಲೂ ಅಲ್ಲಿ ಹೊಳೆಯ ನೀರು ಮೇಲೆ, ಉಪ್ಪುನೀರು ಅಡಿಯಲ್ಲಿ ಪದರವಾಗಿ ನಿಲ್ಲುತ್ತದೆ. ಮೇಲಿನ ಪದರದಲ್ಲಿ ಕಲ್ಲಿನಂತೆ ಇಳಿದದ್ದು ಕೆಳಗಿನ ಪದರಕ್ಕೆ ಬಂದು ತೇಲಿ ನಿಲ್ಲುತ್ತದೆ, ಇಳಿತದ ಹೊತ್ತಿಗೆ ಎಲ್ಲವೂ ಬದಲು. ಭರತ-ಇಳಿತವಿಲ್ಲದ, ಒಂದೇ ಸಾಂದ್ರತೆಯ ನೀರಿನಲ್ಲಿ ಹೊಂದಿಸಿ, ಸಮುದ್ರಕ್ಕೆ ಬೇಕಾದ ಸೀಸವನ್ನು ಲೆಕ್ಕದಿಂದ ಸೇರಿಸಿ.

ಹ್ಯಾಚ್ ವಿಷಯ ಚಿಕ್ಕದು, ಆದರೆ ಜೀವದ್ದು. ಹೊರಕ್ಕೆ ತೆರೆಯುವ 500 ಮಿ.ಮೀ. ಮುಚ್ಚಳದ ಮೇಲೆ ಕೇವಲ 1 ಮೀಟರ್ ನೀರಿದ್ದರೂ ಸುಮಾರು 200 ಕೆಜಿ ಭಾರ ಕೂತಿರುತ್ತದೆ, ಒಳಗಿನಿಂದ ತಳ್ಳಿ ತೆರೆಯಲಾಗದು. ಆದ್ದರಿಂದ ಒಳಗಿನಿಂದ ಕೈಯಲ್ಲೇ ಕಳಚಿ ಬೀಳಿಸಿ ಮೇಲೇಳಬಹುದಾದ ಸೀಸದ ತೂಕ ಇರಲೇಬೇಕು, ಕರೆಂಟಿನ ಹಂಗಿಲ್ಲದೆ. ಮೇಲೇಳಲು ಬ್ಯಾಲಸ್ಟ್ ಟ್ಯಾಂಕಿನ ನೀರನ್ನು ಊದಿ ಹೊರದೂಡುವ ಗಾಳಿಯೂ ಆಳಕ್ಕೆ ತಕ್ಕಂತೆ ಬೇಕು: 30 ಮೀಟರಿನಲ್ಲಿ 250 ಲೀಟರ್ ಟ್ಯಾಂಕ್ ಖಾಲಿ ಮಾಡಲು ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ 1,000 ಲೀಟರ್ ಗಾಳಿ, ಅಂದರೆ 200 ಬಾರ್ ತುಂಬಿದ 10 ಲೀಟರ್ ಸಿಲಿಂಡರಿನ ಅರ್ಧ.

'ಒಳಗೆ ಇಷ್ಟು ಗಂಟೆ ಗಾಳಿ ಸಾಕು' ಎಂಬ ಸಾಲು ನಕ್ಷೆಯಲ್ಲಿದ್ದರೆ ಅದು ಆಮ್ಲಜನಕದ ಲೆಕ್ಕ ಇರಬಹುದು. ಮೊದಲು ಕಾಡುವುದು ಇಂಗಾಲದ ಡೈಆಕ್ಸೈಡ್. ಸುಮ್ಮನೆ ಕೂತ ಒಬ್ಬರು ಗಂಟೆಗೆ ಸುಮಾರು 20 ಲೀಟರ್ ಬಿಡುತ್ತಾರೆ. ಒಳಗೆ 1,500 ಲೀಟರ್ ಗಾಳಿ ಇದ್ದರೆ 20–25 ನಿಮಿಷದಲ್ಲಿ ಶೇ. 0.5 ದಾಟುತ್ತದೆ. ಅರಿವಳಿಕೆ ಯಂತ್ರಗಳಲ್ಲಿ ಬಳಸುವ ಸೋಡಾ ಲೈಮ್ ಅದನ್ನು ಹೀರಲು ಇಲ್ಲಿಗೂ ಆಗುತ್ತದೆ; ಗಾಳಿ ಆಡಿಸಲು ಫ್ಯಾನ್, ಡೈಆಕ್ಸೈಡ್ ಅಳೆಯಲು ಮೀಟರ್ ಎರಡೂ ಬೇಕು. ಬ್ಯಾಟರಿ ಒಳಗಿದ್ದರೆ ಉಪ್ಪುನೀರು ತಾಗಿದಾಗ ವಿಷಗಾಳಿ ಕ್ಲೋರಿನ್ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಕಿಟಕಿಗೆ ಕಾಸ್ಟ್ ಅಕ್ರಿಲಿಕ್ ಮಾತ್ರ, ಬೋರ್ಡ್ ಅಂಗಡಿಯ ಶೀಟು ಬೇಡ. ಥಿನ್ನರ್ ಒರೆಸಿದರೆ ಕೂದಲೆಳೆಯ ಬಿರುಕು ಏಳುತ್ತದೆ. ದಪ್ಪಕ್ಕೆ, ಜನ ಕೂರುವ ಒತ್ತಡದ ಪಾತ್ರೆಗಳಿಗೆಂದೇ ಇರುವ ಅಮೆರಿಕದ ಪಿವಿಎಚ್ಒ-1 ಸಂಹಿತೆ ನೋಡಿ.

ಜನರಿಲ್ಲದೆ, ಹಗ್ಗಕ್ಕೆ ಕಟ್ಟಿ, ಇಳಿಯಬೇಕಾದ ಆಳದ 1.25 ಪಟ್ಟು ಆಳಕ್ಕೆ ಇಳಿಸಿ ಒಂದು ಗಂಟೆ ಬಿಡುವುದು ಪರೀಕ್ಷೆ. ಕಾರವಾರದ ದಡದ ಬಳಿ ಅಷ್ಟು ಆಳ ಸಿಗದು. ಅದಕ್ಕಿಂತ ಮೊದಲ ಮಾತು, ಇದು ನೌಕಾನೆಲೆ ಐಎನ್ಎಸ್ ಕದಂಬ ಇರುವ ಕಡಲು. ಅರ್ಗಾ ಸುತ್ತಮುತ್ತ ಗುರುತಿಲ್ಲದ ಉಕ್ಕಿನ ಕೊಳವೆ ನೀರಿಂದೆದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಂದರು ಕಚೇರಿ, ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸರಿಗೆ ಪ್ಲೇಟ್ ಕೊಳ್ಳುವ ಮೊದಲೇ ಬರೆದು ಕೇಳಿ, ಉತ್ತರ ಲಿಖಿತವಾಗಿಯೇ ಬರಲಿ. ಪರೀಕ್ಷೆಯನ್ನು ಸೂಪಾ ಅಣೆಕಟ್ಟಿನ ಹಿನ್ನೀರಿನಂಥ ಜಾಗದಲ್ಲಿ ಮಾಡುವುದಾದರೆ ಅದಕ್ಕೆ ವಿದ್ಯುತ್ ನಿಗಮದ ಅನುಮತಿ ಬೇಕು.

ಇಷ್ಟಾದ ಮೇಲೆ ನಕ್ಷೆ ಮಾರಿದವರಿಗೆ ಒಂದು ಇಮೇಲ್ ಹಾಕಿ: ಹಲ್ ಲೆಕ್ಕದ ಹಾಳೆ, ಫ್ರೇಮಿನ ಅಂತರ ಮತ್ತು ಅಡ್ಡಕೊಯ್ತ, ತೂಕದ ಪಟ್ಟಿ, ಈ ನಕ್ಷೆಯಿಂದ ಕಟ್ಟಿದ ಒಂದಾದರೂ ಹಲ್‌ನ ಪರೀಕ್ಷಾ ವರದಿ. ಮೊದಲ ಎರಡು ಬಂದರೆ ಎಂಜಿನಿಯರ್ ಹತ್ತಿರ ಒಯ್ಯಿರಿ. ಒಂದೂ ಬಾರದಿದ್ದರೆ ಸೀಟು, ಸ್ಟೀರಿಂಗ್, ಮೋಟರ್ ಜೋಡಣೆಯ ಹಾಳೆಗಳನ್ನಷ್ಟೇ ಇಟ್ಟುಕೊಂಡು ಹಲ್ ವಿನ್ಯಾಸವನ್ನು ಹೊಸದಾಗಿ ಮಾಡಿಸಿ.