ಎಲೆ, ಕಲ್ಲು, ಹಳೇ ಟೀ ಶರ್ಟು: ಗುಂಪಲ್ಲಿ ಕೂತು ಮಾಡೋ ಕಲೆ

ಗುಂಪಲ್ಲಿ ಆರ್ಟ್ ಮಾಡ್ಸೋದು ಅಂದ್ರೆ ಎಲ್ರಿಗೂ ಒಂದೊಂದು ಪೇಪರ್ ಪ್ಲೇಟ್ ಕೊಟ್ಟು, ಗಮ್ ಹಂಚಿ, ಎಲ್ರೂ ಒಂದೇ ಥರದ ಚಿಟ್ಟೆ ಮಾಡ್ಕೊಂಡು ಮನೆಗೆ ಹೋಗೋದು ಅಂತ ಆಗ್ಬಿಟ್ಟಿದೆ. ಪಕ್ಕಪಕ್ಕ ಕೂತಿರ್ತಾರೆ ಅಷ್ಟೇ, ಮಾಡೋದು ಒಬ್ಬೊಬ್ರೇ. ಜೊತೆಗೆ ಮಾಡ್ಬೇಕು ಅಂದ್ರೆ ನಾನು ಯಾವ ಕೆಲಸ ಆರಿಸಿದ್ರೂ ಎರಡು ವಿಷ್ಯ ನೋಡ್ತೀನಿ. ಲೇಟಾಗಿ ಬಂದೋರು ಆರಾಮಾಗಿ ಸೇರ್ಕೋಬಹುದಾ? ಯಾರಾದ್ರೂ ಅರ್ಧಕ್ಕೆ ಎದ್ದು ಹೋದ್ರೆ ಕೆಲಸ ನಿಂತೋಗಲ್ಲ ತಾನೆ? ಕೆಳಗಿರೋದೆಲ್ಲ ಈ ಲೆಕ್ಕಕ್ಕೆ ಪಾಸಾಗಿರೋವು.

ಮೊದ್ಲು ಸಾಮಾನು. ಒಂದು ವಾರ ಮುಂಚೇನೇ ಎಲ್ರಿಗೂ ಹೇಳ್ಬಿಡಿ: ಒಂದು ಕಡೆ ಬರ್ದು ಮುಗ್ಸಿರೋ ನೋಟ್‌ಬುಕ್ ಹಾಳೆ, ಹರಿದ ಟೀ ಶರ್ಟು, ಹಳೇ ಕಾಟನ್ ಬೆಡ್‌ಶೀಟು, ಒಡೆದ ಫೋಟೋ ಫ್ರೇಮು, ಗುಜರಿಗೆ ಹಾಕೋ ಸೈಕಲ್ ರಿಮ್ಮು. ಎಲೆ, ಕಡ್ಡಿ, ಬೀಜದ ಕಾಯಿ, ಕಲ್ಲು ಇವನ್ನ ಅವತ್ತೇ ಎಲ್ರೂ ಸೇರಿ ಆರಿಸ್ಕೊಂಡು ಬರೋದು ಒಳ್ಳೇದು. ನನ್ ಪ್ರಕಾರ ಅರ್ಧ ಮಜಾ ಅಲ್ಲೇ ಇದೆ, ದಿನಾ ಓಡಾಡೋ ದಾರಿಲೇ ಎಷ್ಟು ಥರದ ಹಸಿರಿದೆ ಅಂತ ಆಗ್ಲೇ ಕಣ್ಣಿಗೆ ಬೀಳೋದು. ಕೆಳಗೆ ಬಿದ್ದಿರೋದನ್ನೇ ಎತ್ಕೊಳ್ಳಿ, ಹಸಿ ಎಲೆ ಬೇಕಾದ್ರೆ ಒಂದೇ ಗಿಡ ಬೋಳು ಮಾಡ್ದೆ ಅಲ್ಲೊಂದು ಇಲ್ಲೊಂದು ಕಿತ್ಕೊಳ್ಳಿ. ಮುರಿದ್ರೆ ಬಿಳಿ ಹಾಲು ಸುರಿಯೋ ಗಿಡ, ಕಣಗಲೆ, ದತ್ತೂರಿ, ಪಾರ್ಥೇನಿಯಂ ಇವನ್ನ ಮುಟ್ಟೋದೇ ಬೇಡ, ಮಕ್ಕಳಿದ್ರಂತೂ ಹೊರಡೋಕೆ ಮುಂಚೇನೇ ಗುರುತು ತೋರಿಸ್ಬಿಡಿ.

ಶುರು ಮಾಡೋಕೆ ಈಸಿ ಅಂದ್ರೆ ನೆಲದ ಮೇಲಿನ ಮಂಡಲ. ನಡುವೆ ಒಂದು ಕಡ್ಡಿ ನೆಟ್ಟು ಅದಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದೀಲಿ ಚೂಪು ಕಡ್ಡಿ ಹಿಡ್ಕೊಂಡು ಸುತ್ತ ಗೀಚಿದ್ರೆ ವೃತ್ತ ರೆಡಿ, ಹಗ್ಗ ಉದ್ದ ಬಿಡ್ತಾ ನಾಲ್ಕೈದು ಸುತ್ತು ಎಳೀರಿ. ತಂದಿರೋದನ್ನ ಮೊದ್ಲು ಬಣ್ಣದ ಪ್ರಕಾರ ಗುಡ್ಡೆ ಮಾಡಿ. ಇದನ್ನ ಸ್ಕಿಪ್ ಮಾಡ್ಬೇಡಿ, ಕಲಸ್ಕೊಂಡಿದ್ರೆ ಕೊನೆಗೆ ಕಸದ ಥರಾನೇ ಕಾಣತ್ತೆ. ಕಲ್ಲು, ಕಾಯಿ ಥರದ ಭಾರದ್ದು ನಡುವೆ ಮತ್ತೆ ಹೊರಗಿನ ಅಂಚಿಗೆ, ಹಗುರ ಎಲೆ, ಹೂವಿನ ಎಸಳು ಮಧ್ಯದ ಸುತ್ತುಗಳಿಗೆ. ಗಾಳಿ ಏಳೋಕೆ ಮುಂಚೆ ಬೆಳಗ್ಗೇನೇ ಮುಗಿಸ್ಬಿಡಿ. ಗಮ್ ಹಾಕ್ಬೇಡಿ ದಯವಿಟ್ಟು, ಗ್ಲಿಟರ್ ಅಂತೂ ಬೇಡ್ವೇ ಬೇಡ, ಎಲೆ ಮೇಲೆ ಪ್ಲಾಸ್ಟಿಕ್ ಅಂಟಿಸಿದ್ರೆ ಆಮೇಲೆ ಅದು ಗೊಬ್ಬರಕ್ಕೂ ಬರಲ್ಲ ರೀಸೈಕಲ್‌ಗೂ ಹೋಗಲ್ಲ. ಆಂಡಿ ಗೋಲ್ಡ್ಸ್‌ವರ್ದಿ ಅಂತ ಬ್ರಿಟಿಷ್ ಕಲಾವಿದರೊಬ್ರು ಎಲೆ, ಮುಳ್ಳು, ಐಸ್ ಇಟ್ಕೊಂಡು ಇಂಥದ್ದನ್ನೇ ಮಾಡಿ, ಫೋಟೋ ತೆಗೆದು, ಅಲ್ಲೇ ಬಿಟ್ಟು ಬರ್ತಾರೆ. ನೀವೂ ಸ್ಟೂಲ್ ಹತ್ತಿ ಮೇಲಿಂದ ಒಂದು ಫೋಟೋ ತಗೊಳ್ಳಿ, ಸಾಕು.

ಈಗ ನನಗೆ ತುಂಬಾ ಇಷ್ಟದ್ದು, ಎಲೆ ಕುಟ್ಟಿ ಬಟ್ಟೆ ಮೇಲೆ ಅಚ್ಚು ಇಳಿಸೋದು. ಜಪಾನಲ್ಲಿ ಇದಕ್ಕೆ ತತಾಕಿಜೋಮೆ ಅಂತಾರೆ. ಬೆಡ್‌ಶೀಟ್‌ನ ಚೆನ್ನಾಗಿ ಒಗೆದು ಗಂಜಿ ಎಲ್ಲ ತೆಗೀರಿ, ಬಣ್ಣ ಕಚ್ಕೋಬೇಕು ಅಂದ್ರೆ ಹಿಂದಿನ ದಿನಾನೇ ಪಟಿಕದ ನೀರಲ್ಲಿ ನೆನೆಸಿ ಒಣಗಿಸಿ, ಅರ್ಧ ಕೆಜಿ ಬಟ್ಟೆಗೆ 75 ಗ್ರಾಂ ಪಟಿಕ ಸಾಕಾಗತ್ತೆ. ಎಲೆ ಮೆತ್ತಗಿರ್ಬೇಕು, ಹಿಸುಕಿದ್ರೆ ಬೆರಳು ಹಸಿರಾಗೋ ಅಂಥದ್ದು. ದಪ್ಪಗೆ ಹೊಳೆಯೋ ಎಲೆ ಬಣ್ಣಾನೇ ಬಿಡಲ್ಲ, ರಸ ಜಾಸ್ತಿ ಇರೋದು ಪಿಚಕ್ ಅಂತ ಚೆಲ್ಲಿ ಬರೀ ಕಲೆ ಆಗತ್ತೆ. ಗಟ್ಟಿ ಹಲಗೆ ಮೇಲೆ ಬಟ್ಟೆ ಹಾಸಿ, ಎಲೆ ಹಿಂಭಾಗ ಕೆಳಗೆ ಬರೋ ಹಾಗೆ ಇಟ್ಟು, ಮೇಲೊಂದು ಹಾಳೆ ಮುಚ್ಚಿ, ಸುತ್ತಿಗೆಲೋ ನುಣುಪು ಗುಂಡುಕಲ್ಲಲ್ಲೋ ಕುಟ್ಟಿ. ಜೋರಾಗಿ ಬಾರಿಸೋದಲ್ಲ, ಸಣ್ಣ ಸಣ್ಣ ಪೆಟ್ಟು, ಮೊದ್ಲು ಅಂಚಿನ ಸುತ್ತ, ಆಮೇಲೆ ನಿಧಾನಕ್ಕೆ ಒಳಗೆ. ಮೇಲಿನ ಹಾಳೇಲಿ ಎಲೆಯ ಆಕಾರ ಪೂರ್ತಿ ಮೂಡಿದ್ರೆ ಕೆಳಗೂ ಇಳಿದಿದೆ ಅಂತ ಅರ್ಥ, ಆಗ ಹಾಳೆ ತೆಗೆದು ಎಲೆಯ ಚೂರುಗಳನ್ನ ಉಗುರಲ್ಲಿ ಎಬ್ಬಿಸಿದ್ರೆ ನರನರ ಎಲ್ಲ ಎಣಿಸೋ ಹಾಗೆ ಕಾಣತ್ತೆ. ಹತ್ತು ಜನ ಸುತ್ತ ಕೂತು ಒಂದೇ ಬೆಡ್‌ಶೀಟ್ ಮೇಲೆ ಕುಟ್ತಾ ಇದ್ರೆ ಗಲಾಟೆ ಕೇಳೋದೇ ಬೇಡ, ಮಧ್ಯಾಹ್ನ ಮಲಗೋರು ಅಕ್ಕಪಕ್ಕ ಇದ್ರೆ ಟೈಮ್ ನೋಡ್ಕೊಳ್ಳಿ. ಹಸಿರು ಬಿಸಿಲಿಗೆ ಬಿದ್ರೆ ದಿನ ಕಳೆದ ಹಾಗೆ ಕಂದು ಆಗತ್ತೆ, ಕ್ಲೋರೋಫಿಲ್ ಬೆಳಕಿಗೆ ತಡ್ಕೊಳಲ್ಲ, ಅದಕ್ಕೇ ನೆರಳಲ್ಲಿ ತೂಗುಹಾಕಿ.

ಹಳೇ ಹಾಳೆಯಿಂದ ಹೊಸ ಹಾಳೆ ಮಾಡೋದಕ್ಕೆ ಸ್ವಲ್ಪ ತಯಾರಿ ಬೇಕು. ಹಾಳೆ ಸಣ್ಣಗೆ ಹರಿದು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದು ಹಿಡಿಗೆ ಜಾರ್ ಮುಕ್ಕಾಲು ನೀರು ಹಾಕಿ ಮಿಕ್ಸಿಲಿ ಬಿಟ್ಟು ಬಿಟ್ಟು ತಿರುಗಿಸಿ. ಹೊಳೆಯೋ ಮ್ಯಾಗಜೀನ್ ಹಾಳೆ ಬೇಡ, ನ್ಯೂಸ್‌ಪೇಪರ್ ಆಗತ್ತೆ ಆದ್ರೆ ಬೂದು ಬಣ್ಣ ಬರತ್ತೆ. ಗ್ಲಾಸ್ ತೆಗೆದ ಫೋಟೋ ಫ್ರೇಮ್‌ಗೆ ಸೊಳ್ಳೆ ಜಾಲರಿ ಬಿಗಿಯಾಗಿ ಹೊಡೀರಿ. ಅಗಲ ಟಬ್ಬಲ್ಲಿ ನೀರು, ಅದಕ್ಕೆ ಈ ಮುದ್ದೆ ಕದಡಿ, ಫ್ರೇಮ್‌ನ ಓರೆಯಾಗಿ ಒಳಗೆ ಬಿಟ್ಟು ನೇರ ಮಾಡಿ ಮೇಲಕ್ಕೆತ್ತಿ, ಎತ್ತುವಾಗ್ಲೇ ಎಡಕ್ಕೆ ಬಲಕ್ಕೆ ಒಂಚೂರು ಅಲ್ಲಾಡ್ಸಿ, ನಾರು ಸಮನಾಗಿ ಹರಡ್ಕೊಳತ್ತೆ. ನೀರು ಸೋರಿದ್ಮೇಲೆ ಬಟ್ಟೆ ಮೇಲೆ ಬೋರಲು ಹಾಕಿ, ಜಾಲರಿ ಮೇಲಿಂದ ಸ್ಪಾಂಜಲ್ಲಿ ಒತ್ತಿ ನೀರು ಹೀರಿ, ಒಂದು ಮೂಲೆಯಿಂದ ಫ್ರೇಮ್ ಎತ್ತಿ. ಅಂಟೇನೂ ಬೇಡ, ನಾರುಗಳು ಒಣಗ್ತಾ ತಾವೇ ಒಂದಕ್ಕೊಂದು ಹಿಡ್ಕೊಳತ್ತೆ. ಹಸಿ ಇದ್ದಾಗ್ಲೇ ಒಣ ಎಸಳು, ತೆಳು ಹುಲ್ಲು ಒತ್ತಬಹುದು. ಸಣ್ಣ ಬೀಜ ಹಾಕ್ತೀರಾದ್ರೆ ಮಿಕ್ಸಿ ಆದ್ಮೇಲೆ ಹಾಕಿ, ಗಾಳಿಗೆ ಬೇಗ ಒಣಗ್ಸಿ, ಇಲ್ಲಾಂದ್ರೆ ಹಾಳೆಲೇ ಮೊಳಕೆ ಬಂದ್ಬಿಡತ್ತೆ.

ಸೈಕಲ್ ರಿಮ್ ನೇಯ್ಗೆ ಗೋಡೆಗೆ ಒರಗಿಸಿ ಇಟ್ರೆ ದಿನಗಟ್ಲೆ ನಡಿಯತ್ತೆ, ಹೋಗ್ತಾ ಬರ್ತಾ ಯಾರ್ ಬೇಕಾದ್ರೂ ಎರಡು ಸುತ್ತು ಹಾಕಬಹುದು. ಟೀ ಶರ್ಟ್‌ನ ಅಡ್ಡಡ್ಡ ಎರಡು ಬೆರಳಗಲ ಕತ್ತರಿಸಿ ಎಳೆದ್ರೆ ಅಂಚು ಸುರುಳಿ ಸುತ್ಕೊಂಡು ಹಗ್ಗ ಆಗತ್ತೆ. ಅದನ್ನ ರಿಮ್ಮಿನ ಕಡ್ಡಿಗಳ (ಸ್ಪೋಕ್) ನಡುವೆ ಒಂದರ ಮೇಲೆ ಒಂದರ ಕೆಳಗೆ ಅಂತ ತೂರಿಸ್ತಾ ಹೋಗೋದು, ಕಡ್ಡಿಗಳು ಒಂದನ್ನೊಂದು ದಾಟೋ ಜಾಗದಿಂದ ಸ್ವಲ್ಪ ಆಚೆ ಶುರು ಮಾಡಿ. ಒಂದು ಸೂಕ್ಷ್ಮ ಇದೆ: ರಿಮ್ಮಲ್ಲಿ ಸಾಮಾನ್ಯವಾಗಿ 36 ಕಡ್ಡಿ, ಅಂದ್ರೆ ಸಮ ಸಂಖ್ಯೆ, ಹಾಗೇ ನೇಯ್ದ್ರೆ ಎರಡನೇ ಸುತ್ತೂ ಅದದೇ ಕಡ್ಡಿ ಮೇಲೆ ಹೋಗಿ ನೇಯ್ಗೆ ನಿಲ್ಲೋದೇ ಇಲ್ಲ. ಎಲ್ಲಾದ್ರೂ ಎರಡು ಕಡ್ಡಿನ ಸೇರ್ಸಿ ಕಟ್ಟಿ ಒಂದೇ ಅಂತ ಲೆಕ್ಕ ಹಿಡೀರಿ, 35 ಆಯ್ತು, ಸುತ್ತು ತಾನೇ ಅದಲುಬದಲಾಗತ್ತೆ. ನಡುನಡುವೆ ಒಣಹುಲ್ಲು, ನಾರು, ಗರಿ ಸಿಕ್ಕಿಸ್ಬಹುದು.

ಪುಟ್ಟ ಮಕ್ಕಳು ಬೋರ್ ಅಂತ ಎದ್ರೆ ಅರಿಶಿನ ನೀರು ಬಳಿದು ಒಣಗಿಸಿದ ಬಿಳಿ ಹಾಳೆ ಕೊಟ್ಟು, ಅಡುಗೆ ಸೋಡಾ ಕದಡಿದ ನೀರಲ್ಲಿ ಚಿತ್ರ ಬರೆಯೋಕೆ ಹೇಳಿ, ಗೆರೆ ಕೆಂಪಗೆ ಮೂಡತ್ತೆ, ಮೇಲೆ ನಿಂಬೆರಸ ಹಚ್ಚಿದ್ರೆ ವಾಪಸ್ ಹಳದಿ. ಅರ್ಧ ಗಂಟೆ ಆರಾಮ.

ಮುಗಿದ್ಮೇಲೆ ಮಂಡಲದ ಎಲೆ, ಹೂವು ಗೊಬ್ಬರದ ಗುಂಡಿಗೆ, ಕಲ್ಲು ತಂದ ಜಾಗಕ್ಕೆ. ಟಬ್ಬಿನ ನೀರನ್ನ ಮಾತ್ರ ಸಿಂಕಿಗೆ ಸುರೀಬೇಡಿ, ಪೈಪ್ ಕಟ್ಕೊಳತ್ತೆ. ಬಟ್ಟೇಲಿ ಸೋಸಿ, ಉಳಿದ ಮುದ್ದೆನ ಹಿಂಡಿ ಉಂಡೆ ಕಟ್ಟಿ ಒಣಗಿಸಿಡಿ, ಮುಂದಿನ ಸಲ ನೆನೆಸಿದ್ರೆ ಅದೇ ಮತ್ತೆ ಆಗತ್ತೆ.